ಬೀಡಿ ಕಿಡಿಯಷ್ಟು ಬೆಳಕು

ಆ ಸಂಜೆ ತೂಬಿನ ಹತ್ತಿರ ಇದ್ದವರು ಇಷ್ಟು ಜನ: ಕಾಲುವೆಗೆ ನೀರು ಬಿಡುವ ನೀರುಗಂಟಿ ಮಾವ, ನನ್ನ ಗಂಡನ ಅಣ್ಣ ಅಂದರೆ ನಮ್ಮ ಭಾವ, ನಮ್ಮದಕ್ಕಿಂತ ಮೇಲಿನ ಗದ್ದೆಯವನು, ಮತ್ತೆ ಎಲೆಅಡಿಕೆ ಅಗಿಯುವುದಕ್ಕೇ ಬಂದವರಂತೆ ಕಲ್ಲಿನ ಮೇಲೆ ಕೂತಿದ್ದ ಊರಿನ ಇಬ್ಬರು ಹಿರಿಯರು. ಹೆಂಗಸು ಅಂತ ಇದ್ದವಳು ನಾನೊಬ್ಬಳೇ. ಗುದ್ದಲಿ ಹೆಗಲ ಮೇಲಿಟ್ಟುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದೆ. ಯಾರೂ ಕೂತ್ಕೋ ಅನ್ನಲಿಲ್ಲ, ನನಗೂ ಕೂರುವ ಮನಸ್ಸಿರಲಿಲ್ಲ.

ಭೇರ್ಯದ ಕಡೆಯಿಂದ ಸಾಲಿಗ್ರಾಮಕ್ಕೆ ಹೋಗುವಾಗ ರಸ್ತೆಯಿಂದ ಒಳಗೆ ಇಳಿದರೆ ನಮ್ಮೂರು. ದೊಡ್ಡ ನಾಲೆಯಿಂದ ತೂಬಿನ ಮೂಲಕ ಒಂದು ಸಣ್ಣ ಕಾಲುವೆ ಬರುತ್ತದೆ. ಆ ಕಾಲುವೆಯ ನೀರನ್ನು ಗದ್ದೆಯವರು ಸರದಿ ಮೇಲೆ ತಮ್ಮ ತಮ್ಮ ಗದ್ದೆಗೆ ತಿರುಗಿಸಿ ಕಟ್ಟಿಕೊಳ್ಳಬೇಕು. ನಮ್ಮ ಗದ್ದೆ ಕಟ್ಟಕಡೆಯದು. ನನ್ನ ಗಂಡನ ಅಪ್ಪನ ಕಾಲದಿಂದಲೂ ನಮ್ಮ ಸರದಿ ಬರುವುದು ರಾತ್ರಿ. ನನ್ನ ಗಂಡ ಹುಣಸೂರು ಡಿಪೋದಲ್ಲಿ ಬಸ್ ಡ್ರೈವರು. ವಾರದಲ್ಲಿ ಹೆಚ್ಚಿನ ರಾತ್ರಿ ಕೋಟೆ ತಾಲ್ಲೂಕಿನ ಕಡೆ ಬಸ್ಸಿನ ಜೊತೆಗೇ ಹಾಲ್ಟು. ಹಾಗಾಗಿ ನೀರು ಕಟ್ಟುವ ಕೆಲಸ ಮದುವೆಯಾದ ಕೆಲವೇ ವರ್ಷಕ್ಕೆ ನನ್ನ ಕೈಗೆ ಬಂತು. ಮೊದಮೊದಲು ಅತ್ತೆ ಜೊತೆಗೆ ಬರುತ್ತಿದ್ದರು. ಅವರು ಹೋದಮೇಲೆ ನಾನೊಬ್ಬಳೇ.

ಅವತ್ತು ಸೇರಿದ್ದು ಆ ಸರದಿಯನ್ನು ನನ್ನ ಕೈಯಿಂದ ತೆಗೆಯುವುದಕ್ಕೆ.

ಭಾವ ಮೆತ್ತಗೇ ಶುರು ಮಾಡಿದರು. ಅವರು ಜೋರು ಮಾತಿನವರಲ್ಲ. ಮೆತ್ತಗೆ ಮಾತಾಡಿಯೇ ಎದುರಿನವರನ್ನು ಎದ್ದು ಹೋಗುವಂತೆ ಮಾಡುವ ಪೈಕಿ.

“ನೋಡವ್ವ, ಕ್ವಾಪ ಮಾಡ್ಕಬ್ಯಾಡ. ಓದ್ ಸರದಿಲೂ ನಿನ್ ಗದ್ದೆ ಅರ್ಧ ತುಂಬ್ನಿಲ್ಲ. ಅದ್ರ ಇಂದ್ಲು ಸರದಿಲೂ ಅಂಗೇ ಆಯ್ತು. ಕತ್ಲೆಲಿ ನೀರು ಎತ್ಲಾಗೋಯ್ತದೆ ಅಂತ ನಿಂಗೆ ಕಾಣಕಿಲ್ಲ. ಇವ್ನು ತಲೆಗೆ ಲೈಟ್ ಕಟ್ಕಂಡು ನಿಂದೂ ಕಟ್ಬುಡ್ತಾನೆ. ನೀನು ಮನೇಲಿ ಬೆಚ್ಚಗೆ ಮಲಿಕೋ.”

ಮೇಲಿನ ಗದ್ದೆಯವನು ಹೌದು ಅನ್ನುವಂತೆ ತಲೆಯ ಮೇಲಿದ್ದ ಲೈಟನ್ನು ಮುಟ್ಟಿ ನೋಡಿಕೊಂಡ. ಹಣೆಗೆ ಪಟ್ಟಿ ಕಟ್ಟಿ ಹಾಕಿಕೊಳ್ಳುವ ದೊಡ್ಡ ಲೈಟು ಅದು. ಅದನ್ನು ತಂದ ದಿನ ಊರಿನ ಅರಳಿಕಟ್ಟೆಯಿಂದ ಹೊಡೆದು ನಾಲೆಯಾಚೆಯ ತೆಂಗಿನ ಮರದ ಕಾಯಿ ತೋರಿಸಿದ್ದ. ಕೆಟ್ಟವನಲ್ಲ, ನನಗಿಂತ ಚಿಕ್ಕವನು, ಅಕ್ಕ ಅಂತಲೇ ಕರೆಯುತ್ತಿದ್ದ. ಆದರೆ ಇನ್ನೊಬ್ಬರು ಕಟ್ಟುವ ನೀರಿನ ಕಥೆ ನನಗೆ ಗೊತ್ತಿತ್ತು. ಮೊದಲು ಅವನ ಗದ್ದೆಗೆ ಬಿಡುತ್ತಾನೆ. ಆಮೇಲೆ ನಿದ್ದೆ ಬರುತ್ತದೆ. ಆಮೇಲೆ ಬೆಳಕು ಹರಿಯುತ್ತದೆ. ಪೈರು ಹೊಡೆ ಕಟ್ಟಿದ್ದ ಸಮಯ, ಇನ್ನು ಕೆಲವೇ ದಿನದಲ್ಲಿ ತೆನೆ ಹೊರಬರಬೇಕು. ಆಗ ನೀರು ತಪ್ಪಿದರೆ ಬರುವುದು ಜೊಳ್ಳು.

ಅಷ್ಟೇ ಆಗಿದ್ದರೆ ಒಪ್ಪುತ್ತಿದ್ದೆನೋ ಏನೋ. ಕಾಣಕಿಲ್ಲ ಅಂದರಲ್ಲ, ಆ ಮಾತು ನನಗೆ ತಡೆಯಲಿಲ್ಲ.

“ನನ್ ಸರದಿ ನಾನೇ ಕಟ್ಟದು ಭಾವ,” ಅಂದೆ. “ಗದ್ದೆ ತುಂಬ್ನಿಲ್ಲ ಅನ್ನದು ನಿಜ. ಯಾಕ್ ತುಂಬ್ನಿಲ್ಲ ಅಂತ ನಿಮ್ಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಗೊತ್ತಿಲ್ದೆ ಇರೋದುನ್ನ ನನ್ ಕಣ್ಣಿನ್ ಮ್ಯಾಲೆ ಆಕ್ಬ್ಯಾಡಿ.”

ಎಲೆಅಡಿಕೆಯ ಹಿರಿಯರಲ್ಲಿ ಒಬ್ಬರು ಉಗಿದು ಬಂದು, ಇವಳ ಟಾರ್ಚು ನೋಡಿದ್ದೀರಾ, ಮಿಣುಕುಹುಳಾನೇ ವಾಸಿ, ಅದಕ್ಕಾದರೂ ರೆಕ್ಕೆ ಇದೆ ಅಂದರು. ಎಲ್ಲರೂ ನಕ್ಕರು. ನೀರುಗಂಟಿ ಮಾವನೂ ನಕ್ಕರು, ಆಮೇಲೆ ನಗು ನುಂಗಿಕೊಂಡು ತೀರ್ಪು ಹೇಳಿದರು: ಈ ರಾತ್ರಿಯದು ಅವಳೇ ಕಟ್ಟಲಿ. ಬೆಳಿಗ್ಗೆ ಗದ್ದೆ ತುಂಬಿದ್ದರೆ ಸರದಿ ಅವಳ ಕೈಲೇ ಇರಲಿ. ತುಂಬದಿದ್ದರೆ ಕೊಯ್ಲಿನವರೆಗೆ ಮೇಲಿನ ಗದ್ದೆಯವನು ಕಟ್ಟಲಿ.

ಒಪ್ಪಿದೆ. ನನ್ನದೂ ಒಂದು ಮಾತು ಸೇರಿಸಿದೆ. ರಾತ್ರಿ ಯಾರೂ ಬಂದು ನನ್ನ ಮುಖಕ್ಕೆ ಲೈಟು ಬಿಡಕೂಡದು. ಅದಕ್ಕೆ ಇನ್ನೂ ಜೋರಾಗಿ ನಕ್ಕರು.

ಆ ಟಾರ್ಚಿನ ವಿಷಯ ಹೇಳಬೇಕು. ನನ್ನ ಗಂಡ ಕೋಟೆ ದಾರಿಯ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ನಿಲ್ಲಿಸಿದಾಗ ಅಲ್ಲಿಯ ಅಂಗಡಿಯಲ್ಲಿ ತಂದದ್ದು ಅದು. ಹೆಬ್ಬೆರಳಿನಷ್ಟು ದಪ್ಪ, ಒಂದು ಗೇಣಿಗಿಂತ ಚಿಕ್ಕದು. ಗುಂಡಿ ಒತ್ತಿದರೆ ಎಲ್ಲ ಟಾರ್ಚಿನ ಹಾಗೆ ಉರಿಯುತ್ತದೆ. ಒತ್ತಿ ಹಾಗೇ ಹಿಡಿದುಕೊಂಡರೆ ಉರಿಯುವುದೋ ಬೇಡವೋ ಅನ್ನುವ ಹಾಗೆ ಸಣ್ಣಗೆ ಹತ್ತುತ್ತದೆ, ಬೀಡಿಯ ಕಿಡಿಯಷ್ಟು. ಮೊದಲ ದಿನ ನನ್ನ ಬೆರಳು ಗುಂಡಿಯ ಮೇಲೆ ಹೆಚ್ಚು ಹೊತ್ತು ಕೂತು ಆ ಸಣ್ಣ ಬೆಳಕು ಬಂದಾಗ, ಸೆಲ್ಲು ಮುಗಿದುಹೋದ ಮಾಲು ಕೊಟ್ಟು ಕಳಿಸಿದ್ದಾರೆ, ವಾಪಸು ಕೊಟ್ಟು ಬನ್ನಿ ಅಂತ ಗಂಡನ ಮೇಲೆ ರೇಗಿದ್ದೆ. ಅವರು ನಕ್ಕು, ಅದು ಬೇಕೂ ಅಂತ ಮಾಡಿರೋದು, ನಿನಗೋಸ್ಕರವೇ ಹುಡುಕಿ ತಂದೆ ಅಂದರು.

ಅವರಿಗೆ ಅದರ ಬೆಲೆ ಗೊತ್ತಿತ್ತು, ರಾತ್ರಿ ಗಾಡಿ ಓಡಿಸುವವರಲ್ಲವೆ. ಕಾಡಿನ ಅಂಚಿನ ರಸ್ತೆಗೆ ಬಸ್ಸು ಇಳಿದಾಗ ತಮ್ಮ ಬೆನ್ನ ಹಿಂದಿನ ದೀಪ ಆರಿಸುತ್ತಾರೆ, ಸೀಟಿನ ಹಿಂದೆ ಒಂದು ಹಳೆಯ ಪಂಚೆ ಇಳಿಬಿಡುತ್ತಾರೆ. ಒಳಗೆ ಬೆಳಕಿದ್ದರೆ ಮುಂದಿನ ಗಾಜಿನಲ್ಲಿ ಪ್ಯಾಸೆಂಜರುಗಳ ಮುಖವೇ ಕಾಣುತ್ತದಂತೆ, ರಸ್ತೆ ಕಾಣುವುದಿಲ್ಲವಂತೆ. ದೀಪ ಹಾಕಿ, ಕಡಲೆಕಾಯಿ ಸುಲಿಯಬೇಕು ಅಂತ ಜಗಳಕ್ಕೆ ಬಂದವರೂ ಇದ್ದಾರೆ.

ಅವರಿಗಿಂತ ಮೊದಲೇ ನನಗೆ ಇದನ್ನು ಹೇಳಿಕೊಟ್ಟವಳು ನನ್ನ ಅಜ್ಜಿ. ನನ್ನ ತವರು ಪಿರಿಯಾಪಟ್ಟಣದ ಕಡೆ. ಅಲ್ಲಿ ಹೊಗೆಸೊಪ್ಪು ಬೇಯಿಸುವ ದೊಡ್ಡ ಗೂಡಿಗೆ, ಬ್ಯಾರನ್ನಿಗೆ, ರಾತ್ರಿಯೆಲ್ಲ ಸೌದೆ ಹಾಕುತ್ತಾ ಕಾಯಬೇಕು. ಅಜ್ಜಿ ಒಲೆಯ ಬಾಯಿಗೆ ಸೌದೆ ನೂಕುವಾಗ ಒಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಹೊಗೆ ತಡೆಯಲಾರದೆ ಅಂದುಕೊಂಡಿದ್ದೆ. ಕೇಳಿದ್ದಕ್ಕೆ ಅವಳು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ:

“ಈ ಕಣ್ಣುನ್ನ ಬೆಂಕಿಗೆ ಕೊಟ್ಟಿವ್ನಿ ಕಣವ್ವ. ಇನ್ನೊಂದುನ್ನ ಮಡಿಕಂಡಿವ್ನಿ. ಸೌದೆ ಒಟ್ಲು ತಾವ್ಕೆ ವಾಪಸ್ ಓಗ್ಬೇಕಲ್ಲ, ಅಲ್ಲಿ ಆವು ಗೀವು ಇದ್ರೆ ಯಾವ್ ಕಣ್ಣಲ್ಲಿ ನೋಡ್ಲಿ?”

ಮುಚ್ಚಿದ್ದ ಕಣ್ಣನ್ನು ತೆರೆದುಕೊಂಡು ಅವಳು ಕತ್ತಲಲ್ಲಿ ಹಗಲಿನ ಹಾಗೆ ನಡೆದುಹೋಗುತ್ತಿದ್ದಳು. ನಾನು ಹಿಂದೆ ಎಡವಿಕೊಂಡು ಹೋಗುತ್ತಿದ್ದೆ.

ತೂಬಿನಿಂದ ಮನೆಗೆ ಬಂದು, ಮುದ್ದೆ ಉಂಡು, ಗಂಡನಿಗೆ ಫೋನು ಮಾಡಿದೆ. ಅವರು ಹ್ಯಾಂಡ್‌ಪೋಸ್ಟ್ ದಾಟಿ ಹಾಲ್ಟಿನ ಊರಿಗೆ ಹೋಗಿ ಮುಟ್ಟಿದ್ದರು. ನಡೆದದ್ದನ್ನು ಹೇಳಿದೆ. ಅವರು, ಹೋಗಲಿ ಬಿಡು, ಅಣ್ಣ ಹೇಳಿದ ಹಾಗೆ ಕೇಳಿಬಿಡು, ನನಗೂ ಇಲ್ಲಿ ನಿದ್ದೆ ಬರುವುದಿಲ್ಲ ಅಂದರು. ಟಾರ್ಚು ತಂದುಕೊಟ್ಟ ಮನುಷ್ಯನೇ ಈ ಮಾತು ಆಡಿದರೆ ಸಿಟ್ಟು ಬರದೆ ಇರುತ್ತದೆಯೇ.

“ಬಸ್ಸಲ್ಲಿ ಲೈಟ್ ಆಕು ಅಂತ ನಾಕ್ ಜನ ಪ್ಯಾಸೆಂಜರು ಬಾಯ್ ಮಾಡಿದ್ರೆ ಸ್ಟೇರಿಂಗ್ ಅವ್ರ ಕೈಗ್ ಕೊಟ್ಬುಟ್ಟು ಇಂದುಗಡೆ ಓಗ್ ಕೂತ್ಕತೀರಾ?”

ಸರಿ, ಸ್ವೆಟರ್ ಹಾಕಿಕೊಂಡು ಹೋಗು ಅಂದರು. ನಮ್ಮೆಜಮಾನರು ಸೋತಾಗ ಆಡುವ ಮಾತು ಅದು.

ಸರದಿಯ ಹೊತ್ತಿಗೆ ಹೋಗಿ ಕಾಲುವೆ ಪಕ್ಕದ ಕಲ್ಲಿನ ಮೇಲೆ ಕೂತೆ. ಎಳೆ ಚಂದ್ರ ಆಗಲೇ ಮುಳುಗಿದ್ದ. ಟಾರ್ಚು ಮಡಿಲಲ್ಲೇ ಇತ್ತು, ಕಣ್ಣು ಕತ್ತಲಿಗೆ ಪಳಗಲಿ ಅಂತ ಹಚ್ಚಲಿಲ್ಲ. ಫೋನನ್ನು ಮನೆಯಿಂದ ಹೊರಡುವಾಗಲೇ ಸೆರಗಿನ ಗಂಟಿಗೆ ಸೇರಿಸಿದ್ದೆ. ಅದರ ಬೆಳಕು ಒಂದು ಸಲ ಕಣ್ಣಿಗೆ ಹೊಡೆದರೆ ಅಷ್ಟು ಹೊತ್ತು ಕೂತದ್ದೆಲ್ಲ ನೀರಿನಲ್ಲಿ ಹೋಯಿತು, ಮತ್ತೆ ಮೊದಲಿಂದ ಕೂರಬೇಕು.

ಮೊದಲು ಏನೂ ಇರುವುದಿಲ್ಲ. ಕಂಬಳಿ ಹೊದೆಸಿದ ಹಾಗೆ. ಆಮೇಲೆ ಆಕಾಶಕ್ಕೂ ತೆಂಗಿನ ಸಾಲಿಗೂ ನಡುವಿನ ಗೆರೆ ಕಾಣುತ್ತದೆ. ಆಮೇಲೆ ಬದುವಿನ ಮೇಲಿನ ಕಾಲುದಾರಿ, ಎರಡೂ ಕಡೆಯ ಹುಲ್ಲಿಗಿಂತ ಒಂದಿಷ್ಟು ಮಾಸಲಾಗಿ. ಕೊನೆಗೆ ನೀರು. ನೀರು ಕತ್ತಲಲ್ಲಿ ಕರಗುವುದಿಲ್ಲ, ಚುಕ್ಕಿಗಳ ಬೆಳಕನ್ನೇ ಹಿಡಿದುಕೊಂಡು ತೊಳೆದ ತಟ್ಟೆಯ ಹಾಗೆ ಬೆಳ್ಳಗೆ ಬಿದ್ದಿರುತ್ತದೆ. ಇದನ್ನು ನಾನು ಊರಿನ ಗಂಡಸರಿಗೆ ಎಷ್ಟೋ ಸಲ ಹೇಳಿದ್ದೇನೆ. ಲೈಟು ಬಿಟ್ಟರೆ ಬಿಟ್ಟಷ್ಟು ಅಗಲ ಮಾತ್ರ ಕಾಣುತ್ತದೆ, ಅದರಾಚೆ ಗೋಡೆ ಕಟ್ಟಿದ ಹಾಗೆ ಕಪ್ಪು. ನನಗೆ ಗೋಡೆ ಬೇಡ, ಬಯಲು ಬೇಕು.

ಕಣ್ಣು ಪಳಗಿದ ಮೇಲೆ ಗುಂಡಿ ಒತ್ತಿ ಹಿಡಿದು ಆ ಬೀಡಿ ಬೆಳಕು ಹಚ್ಚಿಕೊಂಡೆ. ಅದನ್ನು ಪಾದದ ಮುಂದಕ್ಕೆ ಮಾತ್ರ ಬಿಡುವುದು, ಅದೂ ಬೆರಳ ಸಂದಿಯಿಂದ. ಹೆಜ್ಜೆ ಇಡುವ ಜಾಗದಲ್ಲಿ ಹಾವಿಲ್ಲ ಅಂತ ತಿಳಿಯುವುದಕ್ಕೆ ಅಷ್ಟು ಸಾಕು. ಗದ್ದೆಯ ಬಾಯಿಗೆ ಹೋಗಿ ಮಣ್ಣು ಕಡಿದು ನೀರು ಬಿಟ್ಟೆ. ಬಂತು. ಆದರೆ ಹಿಂದಿನ ಸರದಿಯ ಹಾಗೇ ಬಡಕಲಾಗಿ ಬಂತು, ಮಣಿಕಟ್ಟಿನಷ್ಟು ದಪ್ಪವೂ ಇಲ್ಲ. ಹೀಗೇ ಬಂದರೆ ಬೆಳಿಗ್ಗೆಗೆ ಅರ್ಧ ಗದ್ದೆ, ಆಮೇಲೆ ಭಾವನ ಮೆತ್ತನೆಯ ಮಾತು.

ಟಾರ್ಚು ಆರಿಸಿ ಕಾಲುವೆಯ ಏರಿ ಹಿಡಿದು ಮೇಲಕ್ಕೆ ನಡೆದೆ. ಯಾರ ಗದ್ದೆಯ ಬಾಯಿಯೂ ತೆರೆದಿರಲಿಲ್ಲ. ಮೇಲಿನ ಗದ್ದೆಯವನದೂ ಗಟ್ಟಿಯಾಗಿ ಮುಚ್ಚಿತ್ತು. ಅವನ ಮೇಲೆ ಒಂದು ಗಳಿಗೆ ಅನುಮಾನ ಪಟ್ಟಿದ್ದೆ, ಅದು ಅಲ್ಲಿಗೆ ಹೋಯಿತು. ಅವನ ಗದ್ದೆಯ ಬಾಯಿಯಿಂದ ಒಂದಿಷ್ಟು ಕೆಳಗೆ, ಹಳ್ಳದ ಕಡೆಗೆ ಒಂದು ಬೀಳು ತುಂಡು ಇದೆ. ಯಾರೂ ಏನೂ ಬೆಳೆಯುವುದಿಲ್ಲ, ಆಳೆತ್ತರ ಹುಲ್ಲು. ಹಗಲಿನಲ್ಲಿ ನೋಡಿದರೆ ಯಾವಾಗಲೂ ಜವುಗು ಜವುಗಾಗಿಯೇ ಇರುತ್ತದೆ, ಯಾರೂ ತಲೆ ಕೆಡಿಸಿಕೊಂಡವರಲ್ಲ. ಆ ಕಡೆ ಕತ್ತು ತಿರುಗಿಸಿದವಳು ನಿಂತುಬಿಟ್ಟೆ. ಹುಲ್ಲಿನ ನಡುವೆ ಒಂದು ಚಾಪೆಯಷ್ಟು ನೀರು ಬೆಳ್ಳಗೆ ಕಾಣುತ್ತಿತ್ತು. ನೀರಿದ್ದರೆ ಇರಲಿ, ಮಳೆಯದು ಅನ್ನಬಹುದು. ಆದರೆ ಅದರೊಳಗಿದ್ದ ಚುಕ್ಕಿ ಅಲುಗುತ್ತಿತ್ತು. ಗಾಳಿಯಿಲ್ಲ, ಒಂದು ಎಲೆ ಮಿಸುಕುತ್ತಿಲ್ಲ, ಚುಕ್ಕಿ ಮಾತ್ರ ನಡುಗುತ್ತಾ ಇದೆ. ನಿಂತ ನೀರಿನಲ್ಲಿ ಚುಕ್ಕಿ ನಡುಗುವುದಿಲ್ಲ. ಆ ನೀರು ಹರಿಯುತ್ತಿತ್ತು, ಹರಿದು ಹಳ್ಳಕ್ಕೆ ಹೋಗುತ್ತಿತ್ತು. ನನ್ನ ನೀರು.

ಇಳಿಯಬೇಕು ಅನ್ನುವಷ್ಟರಲ್ಲಿ ಕಾಲುವೆಯ ಆ ತುದಿಯಿಂದ ಲಾರಿ ಬಂದ ಹಾಗೆ ಬೆಳಕು ಬಂತು. ಮೇಲಿನ ಗದ್ದೆಯವನೇ. ಅಕ್ಕ ಒಬ್ಬಳೇ ಇದ್ದಾಳೆ, ಒಂದು ಸಲ ನೋಡಿಕೊಂಡು ಬಾ ಅಂತ ಭಾವ ಕಳಿಸಿದ್ದರಂತೆ, ಆಮೇಲೆ ಹೇಳಿದ. ಮುಖಕ್ಕೆ ಲೈಟು ಬಿಡಬಾರದು ಅನ್ನುವ ಮಾತು ಅವನಿಗೆ ನೆನಪೇ ಇರಲಿಲ್ಲ. ತಲೆಗೆ ಕಟ್ಟಿಕೊಂಡಿದ್ದನಲ್ಲ, ಅವನು ಎತ್ತ ನೋಡಿದರೆ ಅತ್ತ ಬೆಳಕು, ನನ್ನ ಕಡೆ ನೋಡಿದ್ದರಿಂದ ಬೆಳಕೂ ನನ್ನ ಕಡೆಗೇ. ನಾನು ತಟ್ಟನೆ ಬಲಗಣ್ಣು ಮುಚ್ಚಿಕೊಂಡೆ. ಎಡಗಣ್ಣು ಅವನ ಬೆಳಕಿಗೆ ಹೋಯಿತು, ಹೋಗಲಿ.

“ಆರ್ಸ್ಲಾ ಅದುನ್ನ,” ಅಂದೆ.

“ಅಯ್ಯೋ, ಆರ್ಸುದ್ರೆ ಕಾಲುವೆಗ್ ಬಿದ್ದೋಯ್ತೀನಿ ಕಣಕ್ಕ. ಏನಕ್ಕ, ಕಣ್ಣಿಗೆ ಏನಾರ ಬಿತ್ತಾ?”

ಅಲ್ಲಿ ನೀರು ಹೋಗುತ್ತಿದೆ ನೋಡು ಅಂತ ಬೀಳಿನ ಕಡೆ ಕೈ ತೋರಿಸಿದೆ. ಅವನು ತಲೆಯನ್ನು ಅತ್ತ ತಿರುಗಿಸಿ ಪೂರ್ತಿ ಬೆಳಕು ಬಿಟ್ಟ. ಹುಲ್ಲಿನ ಮೇಲಿನ ಇಬ್ಬನಿಯೆಲ್ಲ ಗಾಜಿನ ಪುಡಿಯ ಹಾಗೆ ಮಿನುಗಿತು. ಅದರ ಹಿಂದೆ ಏನಿದೆಯೋ ದೇವರೇ ಬಲ್ಲ. ಬರೀ ಹುಲ್ಲು ಕಣಕ್ಕ, ನೀರೂ ಇಲ್ಲ ಏನೂ ಇಲ್ಲ ಅಂದ. ನನಗೆ ಆಗ ಗೊತ್ತಾಯಿತು, ಇಷ್ಟು ಸರದಿಗಳಲ್ಲಿ ಇಷ್ಟು ಜನ ಇದೇ ಏರಿಯ ಮೇಲೆ ಲೈಟು ಹಿಡಿದು ಓಡಾಡಿಯೂ ಯಾರಿಗೂ ಇದು ಯಾಕೆ ಕಾಣಲಿಲ್ಲ ಅಂತ. ನನಗೂ ಕಾಣದೆ ಹೋದದ್ದು, ಯಾವತ್ತೂ ನನ್ನ ಗದ್ದೆ ಬಿಟ್ಟು ಇಷ್ಟು ಮೇಲಕ್ಕೆ ಬಂದು ನೋಡದೆ ಇದ್ದದ್ದರಿಂದ.

“ಇದು ನನ್ ಸರದಿ. ನನ್ ಸರದಿಲಿ ನನ್ ಬೆಳ್ಕು. ಆರ್ಸಿ ಕೂತ್ಕೋ, ಇಲ್ಲ ವಾಪಸ್ ಓಗಿ ಮಲಿಕೋ.”

ಆರಿಸಿದ. ಆರಿಸಿದ ಮೇಲೆ ಅವನ ಪಾಡು ನೋಡಬೇಕಿತ್ತು. ತನ್ನ ಕೈ ತನಗೆ ಕಾಣದೆ, ಎಲ್ಲಿದ್ದೀಯಕ್ಕ, ಎಲ್ಲಿದ್ದೀಯಕ್ಕ ಅಂತ ಗಾಳಿ ತಡಕುತ್ತಿದ್ದ. ಗುದ್ದಲಿಯ ಕಾವು ಅವನ ಕಡೆ ಚಾಚಿದೆ. ಅದನ್ನು ಹಿಡಿದುಕೊಂಡು ಏರಿಯ ಮೇಲೆ ಕುಕ್ಕರಗಾಲಲ್ಲಿ ಕೂತ. ಮಾತಾಡದಿದ್ದರೆ ಅವನಿಗೆ ಹೊತ್ತು ಹೋಗುವುದಿಲ್ಲ. ಹೆಂಡತಿ ಬೈದದ್ದು, ಹಸು ಒದ್ದದ್ದು, ಎಲ್ಲ ಹೇಳಿದ. ನಾನು ಹೂಂಗುಟ್ಟುತ್ತಾ ನನ್ನ ಎಡಗಣ್ಣೂ ಪಳಗಲಿ ಅಂತ ಕಾದೆ. ಮಾತಿನ ನಡುವೆ ಒಂದು ಸಲ ಅವನು ನಿಲ್ಲಿಸಿದ. ಬೀಳಿನ ಕಡೆಗೇ ನೋಡುತ್ತಿದ್ದ.

“ಅಕ್ಕ,” ಅಂದ, ಪಿಸುಗುಟ್ಟಿ, ಜೋರಾಗಿ ಅಂದರೆ ಓಡಿಹೋಗುತ್ತದೇನೋ ಅನ್ನುವಂತೆ. “ಅಲ್ಲಿ ನೀರದೆ.”

ಇಬ್ಬರೂ ಇಳಿದೆವು. ಏರಿಯ ಹೊರ ಮಗ್ಗುಲಿನಲ್ಲಿ, ಹುಲ್ಲಿನ ಬುಡದಲ್ಲಿ ನೀರು ತಣ್ಣಗೆ ಕಾಲಿಗೆ ಹರಿಯಿತು. ಕೈ ಹಾಕಿ ತಡಕಿದೆ, ಏಡಿ ಬಿಲ. ಮೊದಲು ಏಡಿ ತೋಡಿದ್ದೇ ಇರಬೇಕು, ಆಮೇಲೆ ನೀರು ಅದನ್ನು ಅಗಲ ಮಾಡಿಕೊಂಡಿತ್ತು. ನನ್ನ ತೋಳು ಮೊಣಕೈವರೆಗೂ ಒಳಗೆ ಹೋಯಿತು. ಬೀಡಿ ಬೆಳಕನ್ನು ಬಿಲದ ಬಾಯಿಗೆ ಹಿಡಿದು ನೋಡಿದೆವು. ಅಷ್ಟು ಬೆಳಕಿಗೆ ಕಣ್ಣು ಕೆಡಲಿಲ್ಲ, ತಲೆಯೆತ್ತಿದರೆ ಬಯಲು ಬಯಲಾಗಿಯೇ ಇತ್ತು. ಅವನು ಓಡಿ ಹೋಗಿ ತನ್ನ ಪಂಪಿನ ಮನೆಯಿಂದ ಗೊಬ್ಬರದ ಖಾಲಿ ಚೀಲ ತಂದ. ಕತ್ತಲಲ್ಲೇ ಓಡಿದ, ಲೈಟು ಹಾಕಲಿಲ್ಲ ಅನ್ನುವುದನ್ನು ನಾನು ಗಮನಿಸಿದೆ. ಚೀಲಕ್ಕೆ ಜೇಡಿಮಣ್ಣು ತುಂಬಿ, ಬಿಲಕ್ಕೆ ತುರುಕಿ, ಮೇಲೆ ಬೇರುಮಣ್ಣಿನ ಸಮೇತ ಹುಲ್ಲಿನ ಹೆಂಟೆ ಕಡಿದಿಟ್ಟು, ಇಬ್ಬರೂ ತುಳಿದೆವು. ತುಳಿಯುವಾಗ ಅವನು, ಭಾವನಿಗೆ ಏನು ಹೇಳಲಿ ಅಂತ ಕೇಳಿದ. ಕಂಡದ್ದನ್ನು ಹೇಳು ಅಂದೆ.

ಬೀಳಿನ ನೀರಿನಲ್ಲಿ ಚುಕ್ಕಿ ಅಲುಗುವುದು ನಿಂತಿತು. ನನ್ನ ಗದ್ದೆಯ ಬಾಯಿಗೆ ಬಂದು ನಿಂತಾಗ ನೀರು ಸದ್ದು ಮಾಡಿಕೊಂಡು ಬರುತ್ತಿತ್ತು. ಬೆಳ್ಳಿ ಮೂಡುವ ಹೊತ್ತಿಗೆ ಕೆಳ ಮೂಲೆಯ ಪೈರಿನ ಬುಡಕ್ಕೂ ಮುಟ್ಟಿತ್ತು.

ಬೆಳಿಗ್ಗೆ ಭಾವ ಹಲ್ಲುಜ್ಜಿಕೊಂಡೇ ಬಂದರು. ಬದುವಿನ ಮೇಲೆ ಕೂತು ನೀರಿಗೆ ಬೆರಳದ್ದಿ ನೋಡಿದರು, ಆ ಮೂಲೆಗೂ ಹೋಗಿ ಅದ್ದಿ ನೋಡಿದರು. ರಾತ್ರಿ ಮಳೆ ಏನಾದರೂ ಬಂದಿತ್ತಾ ಅಂತ ಕೇಳಿದರು. ಬಂದಿಲ್ಲ ಅಂದೆ. ಅಷ್ಟರಲ್ಲಿ ನೀರುಗಂಟಿ ಮಾವನೂ ಬಂದರು, ಅವರ ಹಿಂದೆ ಮೊಣಕಾಲುದ್ದ ಕೆಸರು ಒಣಗಿಸಿಕೊಂಡು ಮೇಲಿನ ಗದ್ದೆಯವನು. ಅವನು ತನ್ನ ಕಡೆಯಿಂದ ಸುಳ್ಳು ಸೇರಿಸದೆ ಹೇಳಿದ. ಬಿಲ ತನ್ನ ಗದ್ದೆಯ ಪಕ್ಕದಲ್ಲೇ ಇದ್ದದ್ದನ್ನೂ, ಲೈಟು ಬಿಟ್ಟಾಗ ಕಾಣದ್ದನ್ನೂ, ಆರಿಸಿದ ಮೇಲೆ ಕಂಡದ್ದನ್ನೂ ಹೇಳಿದ. ಸ್ವಲ್ಪ ನಾಚಿಕೊಂಡೇ ಹೇಳಿದ.

ಭಾವ ಎಲ್ಲ ಕೇಳಿ, ಆದರೂ ಒಂದು ಒಳ್ಳೆ ಲೈಟು ಇದ್ದರೆ ಧೈರ್ಯ ಅಂದರು. ಅವರಿಗೆ ಇರಬಹುದು. ನಾನು ವಾದ ಮಾಡಲಿಲ್ಲ. ಗೆದ್ದೆ ಅಂತ ಕುಣಿಯಲೂ ಇಲ್ಲ, ಅವರು ಹಿರಿಯರು, ನಾಳೆ ಹಬ್ಬಕ್ಕೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬೇಕು. ಆದರೆ ಸರದಿಯ ಮಾತು ಬಂದಾಗ ಯಾರ ಮುಖವನ್ನೂ ನೋಡಿ ಕೇಳಲಿಲ್ಲ. ಮುಂದಿನ ಸರದಿಗೂ ನಾನೇ ಬರುತ್ತೇನೆ, ಇದೇ ಟಾರ್ಚು ತರುತ್ತೇನೆ ಅಂತ ಹೇಳಿ ಗುದ್ದಲಿ ತೊಳೆದುಕೊಂಡೆ. ನೀರುಗಂಟಿ ಮಾವ, ತರದೆ ಇನ್ನೇನು ಅಂದರು. ಮಿಣುಕುಹುಳ ಅಂದಿದ್ದ ಹಿರಿಯರು ಈಗಲೂ ನನ್ನನ್ನು ಹಾಗೇ ಕರೆಯುತ್ತಾರೆ. ನಾನೂ ಹೂಂ ಅನ್ನುತ್ತೇನೆ.

ಮುಂದಿನ ಸರದಿಯ ಹೊತ್ತಿಗೆ ನಾನು ಕಲ್ಲಿನ ಮೇಲೆ ಕೂತಿದ್ದಾಗ ಯಾರೋ ಬರುವ ಸದ್ದಾಯಿತು. ಮೇಲಿನ ಗದ್ದೆಯವನ ಹೆಂಡತಿ. ನನಗಿಂತ ಮುಂಚಿನ ಸರದಿ ಅವರದೇ. ಗಂಡನಿಗೆ ಜ್ವರವಂತೆ, ನೀರು ಕಟ್ಟಿ ಮುಗಿಸಿ ಬಂದಿದ್ದಳು. ಕೈಯಲ್ಲಿ ಅವನ ತಲೆಲೈಟು ಇತ್ತು, ಬೆಳಕು ಬೀಡಿ ಕಿಡಿಯಷ್ಟೇ ಬರಲಿ ಅಂತ ಅದರ ಗಾಜಿಗೆ ಹಳೆಯ ಕೆಂಪು ರವಿಕೆಯ ಬಟ್ಟೆ ಮಡಿಸಿ ಮಡಿಸಿ ಕಟ್ಟಿದ್ದಳು. ಹತ್ತಿರ ಬಂದವಳು ಅದನ್ನೂ ಆರಿಸಿದಳು. ಸ್ವಲ್ಪ ಸರಿದು ಜಾಗ ಕೊಟ್ಟೆ, ಪಕ್ಕದಲ್ಲಿ ಕೂತಳು.